ಗಿಳಿ ಸಿಕ್ಕಿತು, ಈಗೇನು? ಮುಂಬೈ ಕನ್ನಡಿಗರಿಗೊಂದು ಮಾರ್ಗದರ್ಶಿ

ಮೊದಲ ಗಿಳಿಯನ್ನು ನಾನು ಮುನ್ನೂರು ರೂಪಾಯಿ ಕೊಟ್ಟು ಉಳಿಸಿದೆ. ಹಾಗಂತ ಅಂದುಕೊಂಡಿದ್ದೆ.

ಮುಲುಂಡ್ ಸ್ಟೇಷನ್ ಹೊರಗೆ, ತರಕಾರಿ ಗಾಡಿಗಳ ಹಿಂದೆ, ಒಬ್ಬ ಹುಡುಗ ಬಟ್ಟೆ ಚೀಲ ಹಿಡಿದು ನಿಂತಿದ್ದ. ಚೀಲ ತಾನಾಗಿ ಅಲ್ಲಾಡುತ್ತಿತ್ತು. "ಪೋಪಟ್ ಚಾಹಿಯೇ, ಆಂಟಿ?" ಅಂದ. ಒಳಗೆ ನೋಡಿದರೆ ಎರಡು ಕಣ್ಣು, ಒಂದು ಕೆಂಪು ಕೊಕ್ಕು. ದುಡ್ಡು ಕೊಟ್ಟೆ. ಮನೆಗೆ ತಂದು ಬಾಲ್ಕನಿಯಲ್ಲಿ ಚೀಲ ಬಿಚ್ಚಿ "ಹೋಗು ಮಗಾ" ಅಂದೆ. ಅದು ಹಾರಲಿಲ್ಲ. ಮೂರನೇ ಮಹಡಿಯಿಂದ ತೆಂಗಿನಕಾಯಿ ಬಿದ್ದ ಹಾಗೆ ಬಿತ್ತು. ಎರಡೂ ರೆಕ್ಕೆಯ ಗರಿಗಳನ್ನು ಕತ್ತರಿಯಲ್ಲಿ ಕತ್ತರಿಸಿದ್ದರು. ನಾನು ಮೆಟ್ಟಿಲು ಇಳಿಯುವುದರೊಳಗೆ ಕಾಗೆಗಳು ಬಂದಿದ್ದವು.

ಮುಂದಿನ ಶನಿವಾರ ಅದೇ ಹುಡುಗ, ಅದೇ ಜಾಗ. ಈ ಸಲ ಎರಡು ಚೀಲ. ನನ್ನನ್ನು ನೋಡಿ ನಕ್ಕ. ಗಿರಾಕಿ ಅಲ್ವಾ ನಾನು!

ಹಾಗಾಗಿ ಮೊದಲ ಮಾತು ಇದೇ: ಮಾರುವವನಿಗೆ ದುಡ್ಡು ಕೊಟ್ಟು ಗಿಳಿ ಬಿಡಿಸಬೇಡಿ. ಪುಣ್ಯಕ್ಕೂ ಬೇಡ, ಕನಿಕರಕ್ಕೂ ಬೇಡ. ನೀವು ಒಂದು ಕೊಂಡರೆ ಅವನು ಇನ್ನೆರಡು ಪೊಟರೆಗೆ ಕೈ ಹಾಕುತ್ತಾನೆ. ಬೇರೆ ದಾರಿಗಳಿವೆ. ಸ್ವಲ್ಪ ನಿಧಾನದ್ದು, ಆದರೆ ಕೆಲಸ ಮಾಡುತ್ತವೆ. ಅವನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಯಾವ ಗಿಳಿ, ಯಾವ ತಿಂಗಳು

ಮುಂಬೈಯ ಆಕಾಶದಲ್ಲಿ ಕಿರುಚುತ್ತಾ ಹೋಗುವುದು ಹೆಚ್ಚಾಗಿ ಎರಡು ಜಾತಿ. ಒಂದು ನಮ್ಮ ಊರಿನ ಮಾಮೂಲಿ ಕೊರಳುಂಗುರದ ಗಿಳಿ. ಬಾಲ ಸೇರಿ ನಲವತ್ತು ಸೆಂಟಿಮೀಟರ್ ಚಿಲ್ಲರೆ. ಗಂಡಿಗೆ ಮಾತ್ರ ಕೊರಳಲ್ಲಿ ಕಪ್ಪು-ಗುಲಾಬಿ ಪಟ್ಟಿ ಇರುತ್ತದೆ. ಹೆಣ್ಣಿಗೂ ಎಳೆಯವಕ್ಕೂ ಇರುವುದಿಲ್ಲ. ಇನ್ನೊಂದು ದೊಡ್ಡ ಗಿಳಿ, ಅಲೆಕ್ಸಾಂಡ್ರಿನ್. ದಪ್ಪ ಕೊಕ್ಕು, ಭುಜದ ಮೇಲೆ ಕುಂಕುಮ ಮೆತ್ತಿದ ಹಾಗೆ ಕೆಂಪು ಮಚ್ಚೆ. ಇದನ್ನು ಇಲ್ಲಿಯವರು 'ಪಹಾಡಿ' ಅನ್ನುತ್ತಾರೆ. ಮಾತು ಚೆನ್ನಾಗಿ ಕಲಿಯುತ್ತದೆ ಅಂತ ಇದಕ್ಕೆ ಬೆಲೆ ಜಾಸ್ತಿ, ಅದೇ ಇದರ ಕರ್ಮ. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಡೆ ಹೋದರೆ ನೇರಳೆ ತಲೆಯ ಸಣ್ಣ ಗಿಳಿಯೂ ಕಾಣುತ್ತದೆ.

ಅಂಗಡಿಯ ಪಂಜರದಲ್ಲಿ ಇರುವ ಬಜಿ (ಬಜರಿಗಾರ್), ಲವ್ ಬರ್ಡ್, ಕಾಕಟೀಲ್ ಇವು ಪರದೇಶದವು. ಆಸ್ಟ್ರೇಲಿಯಾ, ಆಫ್ರಿಕಾ ಮೂಲದವು. ಅವಕ್ಕೆ ಕಾನೂನು ಬೇರೆ. ಇವನ್ನು ನೋಡಿ ಅರಣ್ಯ ಇಲಾಖೆಗೆ ಫೋನ್ ಮಾಡಿ ಸುಮ್ನೆ ಬೈಸಿಕೊಳ್ಳಬೇಡಿ. ನಾನು ಬೈಸಿಕೊಂಡಿದ್ದೇನೆ.

ನಮ್ಮ ದೇಶದ ಕಾಡುಹಕ್ಕಿಗಳ ವ್ಯಾಪಾರ 1990-91ರಿಂದಲೇ ನಿಷೇಧ. ಬೇಸ್ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. 2022ರಲ್ಲಿ ಅದಕ್ಕೆ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕೊರಳುಂಗುರದ ಗಿಳಿ ಈಗ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿ, ಅಂದರೆ ರಕ್ಷಿತ ಪ್ರಾಣಿಗಳ ಪಟ್ಟಿಯಲ್ಲಿದೆ. ಹಿಡಿದರೆ, ಮಾರಿದರೆ, ಸಾಕಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಕಾಯ್ದೆಯಲ್ಲಿ 'ಬೇಟೆ' ಅಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆ ಹಾಕುವುದು, ಗೂಡನ್ನೋ ಮೊಟ್ಟೆಯನ್ನೋ ಕದಡುವುದು ಎಲ್ಲವೂ ಬೇಟೆಯೇ. ಪೊಟರೆಯೊಳಗೆ ಕೈ ಹಾಕಿದರೆ ಸಾಕು.

ಕ್ಯಾಲೆಂಡರ್ ನೆನಪಿಡಿ. ಜನವರಿಯಲ್ಲಿ ಸಂಕ್ರಾಂತಿಯ ಮಾಂಜಾ, ಅಂದರೆ ಗಾಳಿಪಟದ ಹರಿತ ದಾರ. ಜನವರಿಯಿಂದ ಮೇ ತನಕ ಮರಿಗಳ ಕಾಲ, ಅಂದರೆ ಕಳ್ಳರ ಕಾಲವೂ ಅದೇ. ಏಪ್ರಿಲ್-ಮೇಯಲ್ಲಿ ಮಳೆಗಾಲಕ್ಕೆ ಮುಂಚಿನ ಕೊಂಬೆ ಕತ್ತರಿಸುವ ಕೆಲಸ. ಉಳಿದ ಅರ್ಧ ವರ್ಷ ಬೆಕ್ಕು, ಗಾಜು, ಕಾಗೆ.

ಕೈಗೆ ಸಿಕ್ಕ ಮೊದಲ ಹತ್ತು ನಿಮಿಷ

ಗಾಯಗೊಂಡ ದೊಡ್ಡ ಗಿಳಿಯನ್ನು ಬರಿಗೈಯಲ್ಲಿ ಹಿಡಿಯಬೇಡಿ. ಬಾದಾಮಿ ಒಡೆಯುವ ಕೊಕ್ಕು ಅದು. ಬೆರಳು ಯಾವ ಲೆಕ್ಕ!

ಒಂದು ಹಳೆಯ ಟವೆಲ್ ತಗೊಳ್ಳಿ. ಹಿಂದಿನಿಂದ ಬಂದು ಮೇಲೆ ಹಾಕಿ. ಕತ್ತಲಾದ ಕೂಡಲೇ ಹಕ್ಕಿ ಅರ್ಧ ಶಾಂತವಾಗುತ್ತದೆ. ಟವೆಲ್ ಮೇಲಿನಿಂದಲೇ ಕುತ್ತಿಗೆಯ ಎರಡು ಪಕ್ಕ, ದವಡೆಯ ಕೆಳಗೆ, ಹೆಬ್ಬೆರಳು ಮತ್ತು ತೋರುಬೆರಳು ಇಡಿ. ಇನ್ನೊಂದು ಕೈಯಲ್ಲಿ ರೆಕ್ಕೆ ಮಡಚಿದ ಹಾಗೆ ಮೈ ಹಿಡಿಯಿರಿ. ಎದೆ ಮಾತ್ರ ಒತ್ತಬೇಡಿ. ಹಕ್ಕಿಗೆ ನಮ್ಮ ಹಾಗೆ ವಪೆ (ಡಯಾಫ್ರಮ್) ಇಲ್ಲ, ಎದೆಗೂಡು ಹಿಂದೆ ಮುಂದೆ ಆಡಿದರೆ ಮಾತ್ರ ಉಸಿರು. ಪ್ರೀತಿಯಿಂದ ಬಿಗಿಯಾಗಿ ಅಪ್ಪಿಕೊಂಡು ಸಾಯಿಸಿದವರಿದ್ದಾರೆ.

ಆಮೇಲೆ ಒಂದು ಡಬ್ಬಿ. ಸಣ್ಣ ಹಕ್ಕಿಗಳಿಗೆ ರಟ್ಟಿನ ಪೆಟ್ಟಿಗೆ ಸಾಕು. ಗಿಳಿಗೆ ಸಾಲದು. ಇದನ್ನು ನಾನು ಕಲಿತದ್ದು ಸೆಂಟ್ರಲ್ ಲೈನಿನ ಸ್ಲೋ ಲೋಕಲ್‌ನಲ್ಲಿ. ನೀರಿನ ಬಾಟಲಿ ಬಂದಿದ್ದ ಪೆಟ್ಟಿಗೆಯಲ್ಲಿ ಒಂದು ಪಹಾಡಿಯನ್ನು ಹಾಕಿ, ಟೇಪ್ ಸುತ್ತಿ, ಪರೇಲಿನ ಪ್ರಾಣಿ ಆಸ್ಪತ್ರೆಗೆ ಹೊರಟಿದ್ದೆ. ಭಾಂಡುಪ್ ದಾಟುವಾಗ ಕರ್ ಕರ್ ಸದ್ದು. ಕಾಂಜೂರ್‌ಮಾರ್ಗ್‌ನಲ್ಲಿ ಮೂಲೆಯಲ್ಲಿ ರೂಪಾಯಿ ಅಗಲದ ತೂತು. ಘಾಟ್ಕೋಪರ್ ಬರುವಾಗ ಪೂರ್ತಿ ತಲೆ ಹೊರಗೆ! ಲೇಡೀಸ್ ಡಬ್ಬದಲ್ಲಿ ಒಬ್ಬ ಅಜ್ಜಿ ತಮ್ಮ ಸ್ಟೀಲ್ ಟಿಫಿನ್ ಮುಚ್ಚಳವನ್ನು ತೂತಿಗೆ ಅಡ್ಡ ಹಿಡಿದು ದಾದರ್ ತನಕ ಕೂತರು. ಈಗ ನಾನು ಇಡುವುದು ಎರಡು ಪ್ಲಾಸ್ಟಿಕ್ ಕ್ರೇಟ್, ಕೆಳಗಿನ ಹೋಟೆಲಿನ ಶೆಟ್ರು ಕೊಟ್ಟದ್ದು, ಟೊಮೆಟೊ ಬರುತ್ತದಲ್ಲ, ಅದು. ಒಂದರ ಮೇಲೆ ಒಂದು ಬೋರಲು ಹಾಕಿ ನಾಲ್ಕು ಮೂಲೆ ಹಗ್ಗದಲ್ಲಿ ಕಟ್ಟುವುದು. ಒಳಗೆ ಟವೆಲ್, ಹೊರಗೆ ತೆಳ್ಳನೆಯ ಬಟ್ಟೆ. ಗಾಳಿ ಆಡುತ್ತದೆ, ಕತ್ತಲೂ ಇರುತ್ತದೆ.

ಮಾಡಬಾರದ್ದು ಜಾಸ್ತಿ ಇದೆ. ಬಾಯಿಗೆ ನೀರು ಹನಿಸಬೇಡಿ. ನಾಲಗೆಯ ಬುಡದಲ್ಲೇ ಶ್ವಾಸನಾಳದ ಬಾಯಿ, ನೀರು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಹಾಲು, ಬ್ರೆಡ್ಡು, ಬಿಸ್ಕತ್ತು ಬೇಡ. ಗಾಯಕ್ಕೆ ಅರಿಶಿನ, ಎಣ್ಣೆ, ಡೆಟಾಲ್ ಬೇಡ. ನಮ್ಮ ಕೈ ಅರಿಶಿನ ಡಬ್ಬಿಗೇ ಹೋಗುತ್ತದೆ, ಗೊತ್ತು. ಆದರೆ ಗರಿ ಮೆತ್ತಿಕೊಂಡರೆ ಹಕ್ಕಿಯ ಮೈ ಬಿಸಿ ನಿಲ್ಲುವುದಿಲ್ಲ. ಉಗುರು ಕಿತ್ತು ರಕ್ತ ಬರುತ್ತಿದ್ದರೆ ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ, ಅಷ್ಟೇ.

ಮೈ ಉಬ್ಬಿಸಿಕೊಂಡು ಕಣ್ಣು ಮುಚ್ಚಿ ಕೂತಿದೆ, ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿದೆ ಅಂದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೊರಡಿ. ಬೆಕ್ಕು ಕಚ್ಚಿದ್ದರೂ ಹಾಗೆಯೇ. ಗಾಯ ಸಾಸಿವೆಯಷ್ಟೇ ಕಾಣಬಹುದು. ಬೆಕ್ಕಿನ ಹಲ್ಲಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಹಕ್ಕಿ ಒಂದೆರಡು ದಿನದಲ್ಲಿ ಸಾಯುತ್ತದೆ, ಕೆಲವೇ ಗಂಟೆಯೊಳಗೆ ಆ್ಯಂಟಿಬಯಾಟಿಕ್ ಬೇಕು. ಕಿಟಕಿಯ ಗಾಜಿಗೆ ಬಡಿದದ್ದಾದರೆ ಬೇರೆ. ಕ್ರೇಟಿನಲ್ಲಿ ಇಟ್ಟು ಒಂದೆರಡು ಗಂಟೆ ಸುಮ್ಮನೆ ಬಿಡಿ. ಎಷ್ಟೋ ಸಲ ತಾನೇ ಸರಿಯಾಗಿ ಒಳಗೆ ಗಲಾಟೆ ಶುರು ಮಾಡುತ್ತದೆ.

ನಿಮ್ಮ ಕಾಳಜಿಯೂ ಇರಲಿ. ಗಿಳಿಗಳಿಂದ ಮನುಷ್ಯರಿಗೆ ಸಿಟಾಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ ಬರಬಹುದು, ಒಣಗಿದ ಹಿಕ್ಕೆಯ ಧೂಳಿನಿಂದ. ಮಾಸ್ಕ್ ಹಾಕಿ, ಕೈ ಸೋಪಿನಲ್ಲಿ ತೊಳೆಯಿರಿ, ಮಕ್ಕಳಿಗೆ ಮುದ್ದಾಡಲು ಕೊಡಬೇಡಿ. ಸೆಲ್ಫಿಯೂ ಬೇಡ, ಮಾರಾಯ್ರೇ.

ರಾತ್ರಿಯಾಗಿ ಹೋಗಿ ಬೆಳಿಗ್ಗೆ ತನಕ ಇಟ್ಟುಕೊಳ್ಳಲೇಬೇಕಾದರೆ, ದೊಡ್ಡ ಗಿಳಿಗೆ ಪೇರಲೆ ತುಂಡು, ನೆನೆಸಿದ ಹೆಸರುಕಾಳು, ಜೋಳದ ತೆನೆ, ಹಸಿಮೆಣಸಿನಕಾಯಿ ಇಡಬಹುದು. ಮೆಣಸಿನ ಖಾರ ಹಕ್ಕಿಗಳಿಗೆ ತಗಲುವುದೇ ಇಲ್ಲ. ಬೆಣ್ಣೆಹಣ್ಣು ಅರ್ಥಾತ್ ಅವಕಾಡೊ ಮಾತ್ರ ಗಿಳಿಗೆ ವಿಷ. ಚಿಕ್ಕ ಬಟ್ಟಲಲ್ಲಿ ನೀರು ಇಡಿ, ಕುಡಿಯುವುದು ಅದರ ಇಷ್ಟ.

ಮಾಂಜಾಕ್ಕೆ ಸಿಕ್ಕಿದ್ದರೆ

ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ದೇಶದಾದ್ಯಂತ ನಿಷೇಧಿಸಿತು. ಮರಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಜನವರಿ ಮುಗಿದ ಮೇಲೂ ಕೊಂಬೆಗಳಲ್ಲಿ ತಿಂಗಳುಗಟ್ಟಲೆ ನೇತಾಡುತ್ತದೆ.

ಗಿಳಿ ಎತ್ತರದಲ್ಲಿ ತೂಗುತ್ತಿದ್ದರೆ 101ಕ್ಕೆ ಫೋನ್ ಮಾಡಿ. ಮುಂಬೈ ಅಗ್ನಿಶಾಮಕ ದಳದವರು ಹಕ್ಕಿಗೂ ಏಣಿ ತರುತ್ತಾರೆ. ಕೈಗೆಟಕುವ ಹಾಗಿದ್ದರೆ ದಾರ ಎಳೆಯಬೇಡಿ, ಎಳೆದಷ್ಟೂ ಮಾಂಸ ಕೊಯ್ಯುತ್ತದೆ. ಮೊದಲು ಟವೆಲ್‌ನಲ್ಲಿ ಮೈ ಆಧರಿಸಿ. ಆಮೇಲೆ ಹಕ್ಕಿಯ ಎರಡೂ ಕಡೆ ಒಂದು ಗೇಣು ಬಿಟ್ಟು ದಾರ ಕತ್ತರಿಸಿ. ರೆಕ್ಕೆಗೆ ಸುತ್ತಿದ್ದನ್ನು ಬಿಡಿಸುವ ಆಸೆ ಬೇಡ. ಅದು ಡಾಕ್ಟರ ಕೆಲಸ.

ಮರಿ ಸಿಕ್ಕರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಒಳ್ಳೆಯ ಮನಸ್ಸಿನವರೇ ಜಾಸ್ತಿ ತಪ್ಪು ಮಾಡುವುದು ಇಲ್ಲೇ.

ಮೊದಲು ಮರಿಯ ವಯಸ್ಸು ನೋಡಿ. ಮೈಮೇಲೆ ಏನೂ ಇಲ್ಲ, ಗುಲಾಬಿ ಚರ್ಮ, ಕಣ್ಣು ಮುಚ್ಚಿದೆ ಅಂದರೆ ಹುಟ್ಟಿ ವಾರ ಆಗಿದೆ ಅಷ್ಟೆ. ಎರಡು ಮೂರು ವಾರಕ್ಕೆ ಗರಿಯ ಮೊಳಕೆ ಬರುತ್ತದೆ. ಒಂದೊಂದೂ ಬೂದು ಬಣ್ಣದ ಕೊಳವೆ, ತುದಿಯಲ್ಲಿ ಚೂರೇ ಚೂರು ಹಸಿರು. ಹಲಸಿನಕಾಯಿಯ ಮುಳ್ಳಿನ ಹಾಗೆ ಕಾಣುತ್ತದೆ. ಆ ಮೊಳಕೆಗಳಲ್ಲಿ ರಕ್ತ ಹರಿಯುತ್ತಿರುತ್ತದೆ, ಮುರಿದರೆ ರಕ್ತ ನಿಲ್ಲುವುದು ಕಷ್ಟ, ಮುಟ್ಟುವಾಗ ಜೋಪಾನ. ಆರೇಳು ವಾರಕ್ಕೆ ಪೂರ್ತಿ ಗರಿ ಬಂದು ಹೊರಗೆ ಹಾರುತ್ತದೆ. ಹಾರುವುದು ಅಂದರೆ ಮೊದಲ ದಿನ ಬೀಳುವುದೇ.

ಪೂರ್ತಿ ಗರಿ ಬಂದ ಮರಿ ಕೆಳಗೆ ಕೂತು ಕಿರುಚುತ್ತಿದ್ದರೆ ಅದು ಅನಾಥ ಅಲ್ಲ. ಅಪ್ಪ ಅಮ್ಮ ಅಲ್ಲೇ ಮೇಲೆ ಇರುತ್ತಾರೆ. ಪಕ್ಕದ ಗಿಡದ ಕೊಂಬೆಗೋ ಕಾಂಪೌಂಡ್ ಗೋಡೆಗೋ ಏರಿಸಿ, ಬೆಕ್ಕು ನಾಯಿ ಓಡಿಸಿ, ದೂರ ಹೋಗಿ ಒಂದೆರಡು ಗಂಟೆ ನೋಡಿ. ದೂರ ಅಂದರೆ ನಿಜವಾಗಿ ದೂರ. ಮೊಬೈಲ್ ಹಿಡಿದು ಸುತ್ತ ಹತ್ತು ಜನ ನಿಂತರೆ ಯಾವ ತಾಯಿ ಕೆಳಗೆ ಬರುತ್ತಾಳೆ?

ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಅಂತ ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಸುಳ್ಳು. ಹಕ್ಕಿ ಆ ವಾಸನೆಗೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಆದ್ದರಿಂದ ಗರಿ ಬಾರದ ಮರಿಗೂ ಮೊದಲ ಆಯ್ಕೆ ಅದರದ್ದೇ ಪೊಟರೆ. ಯಾವ ತೂತು ಅಂತ ಖಾತ್ರಿ ಇದ್ದು, ಪೊಟರೆ ಕೆಡದೆ ಇದ್ದರೆ, ಏರಿ ಅಭ್ಯಾಸ ಇರುವ ರಕ್ಷಕರನ್ನು ಕರೆಸಿ ಒಳಗೆ ಇಡಿಸಬಹುದು. ನೀವು ಮರ ಹತ್ತಬೇಡಿ. ಒಣ ತಾಳೆ, ಒಣ ತೆಂಗು ನಂಬಲೇಬಾರದು.

ಅಲ್ಲಿ ತನಕ ಮರಿಗೆ ಬೇಕಾದ್ದು ಊಟ ಅಲ್ಲ, ಬಿಸಿ. ತಣ್ಣಗಿರುವ ಮರಿಗೆ ತಿನ್ನಿಸಿದರೆ ಅರಗುವುದಿಲ್ಲ, ಕೊರಳ ಚೀಲದಲ್ಲೇ ಹುಳಿಯುತ್ತದೆ. ಬಾಟಲಿಯಲ್ಲಿ ಬಿಸಿನೀರು ತುಂಬಿ ಟವೆಲ್ ಸುತ್ತಿ ಡಬ್ಬಿಯ ಒಂದು ಪಕ್ಕ ಇಡಿ, ಇನ್ನೊಂದು ಪಕ್ಕ ಖಾಲಿ ಬಿಡಿ, ಸೆಕೆಯಾದರೆ ಮರಿ ಸರಿದುಕೊಳ್ಳಲಿ. ಒಂದು ಸಣ್ಣ ಬಟ್ಟಲಿಗೆ ಟಿಶ್ಯೂ ಹಾಸಿ ಅದರಲ್ಲಿ ಕೂರಿಸಿ. ನುಣುಪಾದ ನೆಲದ ಮೇಲೆ ಬಿಟ್ಟರೆ ಕಾಲು ಎರಡು ಕಡೆ ಜಾರಿ ಸೊಟ್ಟಗಾಗುತ್ತದೆ.

ಯಾರಿಗೆ ಒಪ್ಪಿಸುವುದು

ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಮುಂಬೈ, ಠಾಣೆ, ಪುಣೆ ಎಲ್ಲ ಕಡೆಗೂ ಇದೇ. ಮರಾಠಿ ಬರದಿದ್ದರೆ ಹಿಂದಿ ಸಾಕು, ಆದರೂ ಮೂರು ಮಾತು ಕಲಿತಿಟ್ಟುಕೊಳ್ಳಿ. 'ಜಖಮೀ ಪೋಪಟ್' ಅಂದರೆ ಗಾಯಗೊಂಡ ಗಿಳಿ. 'ಪೋಪಟಾಚಂ ಪಿಲ್ಲೂ' ಅಂದರೆ ಗಿಳಿಮರಿ. 'ವನವಿಭಾಗ' ಅಂದರೆ ಅರಣ್ಯ ಇಲಾಖೆ. ಫೋನ್‌ನಲ್ಲಿ ಕಥೆ ಹೇಳಬೇಡಿ. ಎಲ್ಲಿ, ಯಾವ ಹಕ್ಕಿ, ಏನಾಗಿದೆ, ಈಗ ಯಾರ ಹತ್ತಿರ ಇದೆ, ಇಷ್ಟು ಹೇಳಿ.

ಪರೇಲಿನಲ್ಲಿ ಬಾಯಿ ಸಕರ್‌ಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆ ಇದೆ, ನೂರು ವರ್ಷಕ್ಕೂ ಹಳೆಯದು, ಹಕ್ಕಿಗಳನ್ನೂ ನೋಡುತ್ತಾರೆ. ಮುಂಬೈ-ಠಾಣೆಯಲ್ಲಿ ರಾ (RAWW) ಅನ್ನುವ ವನ್ಯಜೀವಿ ಸಂಸ್ಥೆಯವರು ಅರಣ್ಯ ಇಲಾಖೆಯ ಜೊತೆ ರಕ್ಷಣೆ ಕೆಲಸ ಮಾಡುತ್ತಾರೆ. ಪುಣೆಯವರಿಗೆ ಬಾವಧನ್‌ನಲ್ಲಿ ರೆಸ್‌ಕ್ಯೂ ಟ್ರಸ್ಟ್. ಇಂಥ ಕಡೆಯ ಹುಡುಗರು ಹೆಚ್ಚಿನವರು ಸ್ವಯಂಸೇವಕರು, ಆಫೀಸು ಬಿಟ್ಟು ಬರುತ್ತಾರೆ. ರಿಕ್ಷಾ ದುಡ್ಡಾದರೂ ನೀವು ಕೊಡಿ, ಚಹಾ ಕೊಡಿ.

ಇಲ್ಲಿ ಒಂದು ಗಡುವು ಇದೆ. ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಸಿಕ್ಕ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. 'ಗುಣವಾಗಲಿ ಆಮೇಲೆ ಕೊಡೋಣ' ಅನ್ನುವುದು ಇಲ್ಲಿ ನಡೆಯುವುದಿಲ್ಲ. ಮೂರು ದಿನ ಆದಮೇಲೆ ಹೆಸರು ಇಟ್ಟಿರುತ್ತೀರಿ. ವಾರ ಆದಮೇಲೆ ಕೊಡಲು ಮನಸ್ಸೇ ಬರುವುದಿಲ್ಲ. ನಮ್ಮ ಬಿಲ್ಡಿಂಗಿನಲ್ಲೇ ನೋಡಿದ್ದೇನೆ. ಕರೆ ಮಾಡಿದ ಸಮಯ, ಮಾತಾಡಿದವರ ಹುದ್ದೆ, ಒಪ್ಪಿಸುವಾಗಿನ ಫೋಟೋ ಇಟ್ಟುಕೊಳ್ಳಿ. ಒಮ್ಮೆ ಒಂದು ಕಚೇರಿಯಲ್ಲಿ ನನ್ನನ್ನೇ ಗಿಳಿ ಸಾಕಿದವಳು ಅಂತ ಕೂರಿಸಿದ್ದರು. ಫೋನಿನ ಕಾಲ್ ಲಿಸ್ಟ್ ತೋರಿಸಿದ ಮೇಲೆ ಬಿಟ್ಟರು.

ಮಾರುವವನು ಕಣ್ಣಿಗೆ ಬಿದ್ದರೆ

ಜಗಳ ಬೇಡ. ಚೀಲ ಕಿತ್ತುಕೊಳ್ಳುವುದಂತೂ ಬೇಡವೇ ಬೇಡ. ಜನ ಸೇರಿದರೆ ಅವನು ಚೀಲ ಬಿಸಾಕಿ ಓಡುತ್ತಾನೆ, ರೈಲು ಹಳಿಯ ಕಡೆಗೇ ಬಿಸಾಕಬಹುದು.

ನಾನು ಈಗ ಮಾಡುವುದು ಹೀಗೆ. ಬೆಲೆ ಕೇಳುತ್ತೇನೆ. "ಇನ್ನೂ ಇದೆಯಾ? ನಮ್ಮ ತಂಗಿಗೂ ಬೇಕಿತ್ತು" ಅನ್ನುತ್ತೇನೆ. ಎಷ್ಟು ಹಕ್ಕಿ, ದೊಡ್ಡದಾ ಮರಿಯಾ, ಯಾವ ದಿನ ಬರುತ್ತಾನೆ, ಎಷ್ಟು ಹೊತ್ತು ಇರುತ್ತಾನೆ, ಇಷ್ಟು ಗೊತ್ತಾದರೆ ಸಾಕು. ಆಮೇಲೆ ದೂರದ ಪಾನ್ ಅಂಗಡಿ ಹತ್ತಿರ ನಿಂತು 1926ಕ್ಕೆ ಕರೆ. ಸುಮ್ಮನೆ ನಿಂತವಳ ಹಾಗೆ ಒಂದು ಫೋಟೋ. ಗಾಡಿ ಇದ್ದರೆ ನಂಬರ್. ಅರಣ್ಯದವರು ಬರುವುದು ತಡವಾದರೆ 112. ಸಬ್ ಇನ್ಸ್‌ಪೆಕ್ಟರ್ ಅಥವಾ ಅದಕ್ಕೂ ಮೇಲಿನ ದರ್ಜೆಯ ಯಾವ ಪೊಲೀಸ್ ಅಧಿಕಾರಿಯೂ ಈ ಕಾಯ್ದೆಯಡಿ ತಪಾಸಣೆ ಮಾಡಬಹುದು, ವಶಪಡಿಸಿಕೊಳ್ಳಬಹುದು. 'ಇದು ನಮ್ಮ ಕೆಲಸ ಅಲ್ಲ' ಅಂದರೆ 50ನೇ ಸೆಕ್ಷನ್ ಅಂತ ಮೆತ್ತಗೆ ನೆನಪಿಸಿ.

ಒಬ್ಬ ಹುಡುಗ ಸಿಕ್ಕಿಬಿದ್ದರೆ ಖುಷಿಪಡುವುದೇನೂ ಇಲ್ಲ. ಮರ ಹತ್ತಿದವನಿಗೆ ಸಿಗುವುದು ಚಿಲ್ಲರೆ ಕಾಸು. ಹಳ್ಳಿಯಿಂದ ಒಟ್ಟು ಮಾಡಿ ತಂದು, ಹಂಚಿ, ಮಾರಾಟಕ್ಕೆ ಕೂರಿಸುವ ದಲ್ಲಾಳಿ ಬೇರೆ ಇರುತ್ತಾನೆ. ಹತ್ತಾರು ಹಕ್ಕಿಯ ಪೆಟ್ಟಿಗೆ, ಗೋಡೌನು, ಆನ್‌ಲೈನ್ ಮಾರಾಟದ ಗುಂಪು ಕಂಡರೆ ಅದನ್ನು ಕೇಂದ್ರದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೋಗೆ ತಿಳಿಸಿ. ಗುಂಪಿನಲ್ಲಿ ಬೈದು ಕಮೆಂಟ್ ಹಾಕಬೇಡಿ, ಅಳಿಸಿ ಓಡಿಹೋಗುತ್ತಾರೆ. ಸ್ಕ್ರೀನ್‌ಶಾಟ್ ತಗೊಂಡು, ಲಿಂಕ್ ಇಟ್ಟುಕೊಂಡು, ಸುಮ್ಮನೆ ಹೊರಗೆ ಬನ್ನಿ.

ಪೊಟರೆ ಕಾವಲು

ನಿಜವಾದ ಕೆಲಸ ಇದು. ಮೇಲೆ ಹೇಳಿದ್ದೆಲ್ಲ ಹಕ್ಕಿ ಕೆಳಗೆ ಬಿದ್ದ ಮೇಲಿನ ಮಾತು. ಒಂದು ಪೊಟರೆ ಕಾದರೆ ಮೂರು ನಾಲ್ಕು ಮರಿ ಯಾರ ಕೈಗೂ ಬೀಳುವುದೇ ಇಲ್ಲ.

ಗಿಳಿ ಗೂಡು ಕಟ್ಟುವುದಿಲ್ಲ. ಮರಕುಟಿಗವೋ ಕುಟ್ರು ಹಕ್ಕಿಯೋ ಕೊರೆದ ತೂತು, ಕೊಂಬೆ ಮುರಿದು ಕೊಳೆತ ಪೊಟರೆ, ಹಳೆಯ ಗೋಡೆಯ ಸಂದು, ಇವೇ ಮನೆ. ನಮ್ಮ ಕಡೆ ಮಳೆಮರ, ಗುಲ್‌ಮೊಹರ್, ಸತ್ತ ತೆಂಗು ತಾಳೆಗಳಲ್ಲಿ ಜಾಸ್ತಿ. ಡಿಸೆಂಬರ್ ಕೊನೆಯಿಂದ ಬೆಳಿಗ್ಗೆ ನಡೆಯಲು ಹೋದಾಗ ತಲೆ ಎತ್ತಿ. ಜೋಡಿಯಲ್ಲಿ ಒಂದು ತೂತಿನೊಳಗೆ ತಲೆ ಹಾಕಿ ಹಾಕಿ ತೆಗೆಯುತ್ತಿದ್ದರೆ, ಇನ್ನೊಂದು ಮೇಲೆ ಕೂತು ಬೊಬ್ಬೆ ಹೊಡೆಯುತ್ತಿದ್ದರೆ, ಮನೆ ನೋಡುತ್ತಿವೆ ಅಂತ ಅರ್ಥ. ಒಂದು ನೋಟ್‌ಬುಕ್‌ನಲ್ಲಿ ಬರೆಯಿರಿ: ಯಾವ ಮರ, ಎಷ್ಟು ಎತ್ತರ, ತೂತಿನ ಮುಖ ಯಾವ ದಿಕ್ಕು, ಯಾವ ತಾರೀಖು. ಮೊಟ್ಟೆಗೆ ಮೂರು ವಾರಕ್ಕಿಂತ ಸ್ವಲ್ಪ ಜಾಸ್ತಿ, ಮರಿಗೆ ಆರೇಳು ವಾರ. ಒಟ್ಟು ಹತ್ತು ವಾರದ ಕಾವಲು. ಕೊನೆಯ ನಾಲ್ಕು ವಾರವೇ ಅಪಾಯ, ಮರಿಗಳ ಸದ್ದು ಕೆಳಗಿನ ತನಕ ಕೇಳುತ್ತದೆ.

ಕಳ್ಳರು ಬಂದು ನೋಡಿ ಹೋದದ್ದಕ್ಕೆ ಗುರುತು ಇರುತ್ತದೆ. ಕಾಂಡಕ್ಕೆ ಮೆಟ್ಟಿಲ ಹಾಗೆ ಹೊಡೆದ ದೊಡ್ಡ ಮೊಳೆ. ತೊಗಟೆಯ ಮೇಲೆ ಹಗ್ಗ ಉಜ್ಜಿದ ಗೆರೆ. ತೂತಿನ ಅಂಚಿನಲ್ಲಿ ಬಿಳಿಯಾಗಿ ಕಾಣುವ ಹೊಸ ಕೊಡಲಿ ಏಟು, ಕೆಳಗೆ ಚಕ್ಕೆ. ಕೈ ಹೋಗಲಿ ಅಂತ ತೂತು ದೊಡ್ಡದು ಮಾಡುತ್ತಾರೆ. ಹಾಗೆ ಮಾಡಿದ ಪೊಟರೆಗೆ ಮತ್ತೆ ಗಿಳಿ ಬರುವುದೂ ಅನುಮಾನ, ಮಳೆ ನೀರು ಒಳಗೆ ನಿಲ್ಲುತ್ತದೆ. ಕೊಂಬೆಗಳಿಗೆ ಆಲದ ಹಾಲಿನಿಂದ ಮಾಡಿದ ಅಂಟು ಬಳಿದ ಕಡ್ಡಿಗಳನ್ನು ಕಟ್ಟಿರುವುದೂ ಉಂಟು. ಬರುವ ಹೊತ್ತು ಹೆಚ್ಚಾಗಿ ನಸುಕು, ಇಲ್ಲವೇ ಮಧ್ಯಾಹ್ನ ವಾಚ್‌ಮನ್ ತೂಕಡಿಸುವಾಗ.

ನಮ್ಮ ಸೊಸೈಟಿಯಲ್ಲಿ ಮೀಟಿಂಗ್, ಬೋರ್ಡು ಅಂತೆಲ್ಲ ಮಾಡಿದೆವು, ಏನೂ ಆಗಲಿಲ್ಲ. ಕೆಲಸ ಮಾಡಿದ್ದು ವಾಚ್‌ಮನ್ ಜೊತೆ ಹತ್ತು ನಿಮಿಷದ ಮಾತು. ಬಿಹಾರದವರು. ಊರಲ್ಲಿ ಚಿಕ್ಕವರಿದ್ದಾಗ ತಾವೂ ಮರಿ ತೆಗೆದದ್ದು ಹೇಳಿದರು. ಕಳ್ಳ ಯಾವ ಕಡೆಯಿಂದ ಹತ್ತುತ್ತಾನೆ ಅಂತ ತೋರಿಸಿಕೊಟ್ಟವರೂ ಅವರೇ! ಆ ಕಡೆಯ ಗೋಡೆಗೆ ಒರಗಿಸಿದ್ದ ಹಳೆಯ ಏಣಿ ತೆಗೆಸಿದೆವು, ಒಂದು ಬಲ್ಬು ಹಾಕಿಸಿದೆವು, ಅವರ ಕುರ್ಚಿ ಹತ್ತು ಅಡಿ ಈಚೆ ಬಂತು. ಆ ವರ್ಷ ಮೂರು ಮರಿ ಹಾರಿದವು.

ಗೂಡಿನ ಜಾಗವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಫೋಟೋ ಹಾಕಲೇಬೇಕಿದ್ದರೆ ಮರಿ ಹಾರಿ ಹೋದ ಮೇಲೆ, ಲೊಕೇಶನ್ ತೆಗೆದು.

ಕಳ್ಳನಿಗಿಂತ ಒಮ್ಮೊಮ್ಮೆ ಗರಗಸ ದೊಡ್ಡ ಅಪಾಯ. ಮಳೆಗಾಲಕ್ಕೆ ಮುಂಚೆ ಕೊಂಬೆ ಇಳಿಸುವುದು ಬೇಕು, ಜನರ ತಲೆ ಮೇಲೆ ಬೀಳಬಾರದಲ್ಲ. ಆದರೆ ಆ ಹೊತ್ತಿಗೆ ಪೊಟರೆ ತುಂಬ ಮರಿ ಇರುತ್ತವೆ. ಮಹಾರಾಷ್ಟ್ರದಲ್ಲಿ ನಗರದ ಮರಗಳಿಗೆ 1975ರ ಕಾಯ್ದೆ ಇದೆ. ಸೊಸೈಟಿ ಒಳಗಿನ ಮರಕ್ಕೂ ಪಾಲಿಕೆಯ ಅನುಮತಿ ಬೇಕು. ಮಾರ್ಚ್‌ನಲ್ಲೇ ನಿಮ್ಮ ವಾರ್ಡಿನ ಉದ್ಯಾನ ವಿಭಾಗಕ್ಕೆ ಒಂದು ಪತ್ರ ಕೊಡಿ. ಮುಲುಂಡಿನವರಿಗೆ ಅದು ಟಿ ವಾರ್ಡ್. ಮರ ಕಡಿಯಬೇಡಿ ಅಂತ ಬರೆಯಬೇಡಿ, ಫೈಲಿನಲ್ಲಿ ಮಲಗುತ್ತದೆ. 'ಇಂಥ ಮರದ ಇಂಥ ಕೊಂಬೆಯಲ್ಲಿ ಗಿಳಿ ಮರಿ ಇವೆ, ತುದಿಯ ಭಾರ ಇಳಿಸಿ, ಪೊಟರೆಯ ಭಾಗ ಬಿಡಿ' ಅಂತ ಫೋಟೋ ಜೊತೆ ಕೇಳಿ. ಗರಗಸ ಬಂದ ದಿನ ಪತ್ರದ ಪ್ರತಿ ಹಿಡಿದು ಕೆಳಗೆ ನಿಲ್ಲಿ.

ಪೊಟರೆ ಇಲ್ಲದ ಕಡೆ ಮರದ ಪೆಟ್ಟಿಗೆ ಕಟ್ಟಬಹುದು. ಒಳಗೆ ಅಂದಾಜು 25 ಸೆಂಟಿಮೀಟರ್ ಚೌಕ, 50-60 ಆಳ, ಏಳೆಂಟು ಸೆಂಟಿಮೀಟರ್ ತೂತು. ಒಳಗೋಡೆಗೆ ಹತ್ತಲು ಗೀರು ಹಾಕಿಸಿ, ತಳಕ್ಕೆ ಮರದ ಹೊಟ್ಟು. ನಮ್ಮ ಪೆಟ್ಟಿಗೆಗೆ ಮೊದಲ ವರ್ಷ ಬಂದದ್ದು ಮೈನಾ. ಬಾಡಿಗೆ ಕೇಳಲು ಆಗುತ್ತದೆಯೇ!

ಮನೆಯ ಪಂಜರದಲ್ಲಿ ಹಳೆಯ ಗಿಳಿ ಇದ್ದರೆ

ಇದು ನಮ್ಮವರ ಮನೆಗಳಲ್ಲೇ ಇದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಹತ್ತು ವರ್ಷದಿಂದ "ರಾಮ ರಾಮ" ಅನ್ನುವ ಗಿಳಿ. ಕಾನೂನು ಓದಿ ಹೆದರಿ ಕಿಟಕಿ ತೆಗೆದು ಬಿಡುವವರಿದ್ದಾರೆ. ದಯವಿಟ್ಟು ಬೇಡ. ಅದಕ್ಕೆ ಹಾರಿ ಅಭ್ಯಾಸ ಇಲ್ಲ, ಹಣ್ಣು ಹುಡುಕಲು ಬರುವುದಿಲ್ಲ, ಕಾಗೆ ಕಂಡರೆ ಓಡಬೇಕು ಅಂತ ಗೊತ್ತಿಲ್ಲ. ನನ್ನ ಮೊದಲ ಗಿಳಿಯ ಗತಿಯೇ ಅದಕ್ಕೂ. 1926ಕ್ಕೆ ಕರೆ ಮಾಡಿ, ಒಪ್ಪಿಸುತ್ತೇವೆ ಅನ್ನಿ. ಬರುವ ತನಕ ಬರೀ ಸೂರ್ಯಕಾಂತಿ ಬೀಜ ಹಾಕುವುದು ನಿಲ್ಲಿಸಿ, ಕೊಬ್ಬು ಜಾಸ್ತಿಯಾಗಿ ಲಿವರ್ ಕೆಡುತ್ತದೆ. ಸೊಪ್ಪು, ಕ್ಯಾರೆಟ್, ಹಣ್ಣು ಕೊಡಿ.

ಬಿಡುಗಡೆ

ಕತ್ತರಿಸಿದ ಗರಿ ಉಗುರಿನ ಹಾಗೆ ಬೆಳೆಯುವುದಿಲ್ಲ. ಹಳೆಯ ಬುಡ ಉದುರಿ ಹೊಸದು ಬರಬೇಕು, ಅದಕ್ಕೆ ತಿಂಗಳುಗಳು, ಒಮ್ಮೊಮ್ಮೆ ವರ್ಷವೇ ಹಿಡಿಯುತ್ತದೆ. ಅಲ್ಲಿ ತನಕ ಗಿಳಿ ರಕ್ಷಣಾ ಕೇಂದ್ರದ ದೊಡ್ಡ ಜಾಲರಿ ಮನೆಯಲ್ಲಿ ಬೇರೆ ಗಿಳಿಗಳ ಜೊತೆ ಇರುತ್ತದೆ. ಒಂಟಿಯಾಗಿ ಬಿಡುವುದಿಲ್ಲ, ಗುಂಪು ಮಾಡಿ ಬಿಡುತ್ತಾರೆ. ಮನುಷ್ಯರನ್ನು ಕಂಡರೆ ಹತ್ತಿರ ಬರುವ ಹಕ್ಕಿಯನ್ನು ಬಿಡಲು ಇನ್ನೂ ತಡ ಮಾಡುತ್ತಾರೆ. ನೀವು ಕೊಟ್ಟ ಗಿಳಿ ಏನಾಯಿತು ಅಂತ ತಿಂಗಳಿಗೊಮ್ಮೆ ಫೋನ್ ಮಾಡಿ ಕೇಳಿ, ಯಾರೂ ಬೇಡ ಅನ್ನುವುದಿಲ್ಲ.

ಲೋಕಲ್‌ನಲ್ಲಿ ಪೆಟ್ಟಿಗೆ ತಿಂದ ಪಹಾಡಿ ಕೇಂದ್ರದಲ್ಲಿ ಹನ್ನೊಂದು ತಿಂಗಳು ಇತ್ತು. ಬಿಟ್ಟ ದಿನ ನನ್ನನ್ನೂ ಕರೆದಿದ್ದರು. ಬಾಗಿಲು ತೆಗೆದರು. ಉಳಿದ ಆರು ಹಾರಿ ಹೋದವು. ಇದು ಮಾತ್ರ ಬಾಗಿಲ ಚೌಕಟ್ಟಿನ ಮೇಲೆ ಕೂತು, ಆ ಮರವನ್ನೇ ಸ್ವಲ್ಪ ಹೊತ್ತು ಕಡಿದು, ಪುಡಿ ಉದುರಿಸಿ, ಆಮೇಲೆ ಹೋಯಿತು.